ಫೋನಿನಲ್ಲಿ ಬೈದು ಕಲಿಸಿದ ಹೊಲಿಗೆ

ಆರೂ ಹೊಲಿಗೆ ಮಷೀನು ಮಾರಿಬಿಡುತ್ತೇನೆ ಎಂದು ನಾನು ಬಾಯಿಬಿಟ್ಟು ಹೇಳಿದ ದಿನ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ. ನಾನು ಏನು ಹೇಳಿದರೂ ಅಡ್ಡ ಮಾತಾಡುವ ಮಗನೂ ಅವತ್ತು "ನಿನಗ ಹೆಂಗ ಅನಸ್ತೈತೋ ಹಂಗ ಮಾಡು ಯವ್ವಾ" ಎಂದು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಸಿರುಗುಪ್ಪದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಹೊಲಿಗೆ ಕ್ಲಾಸು ಶುರು ಮಾಡಿದಾಗ ಇದೇ ಮಗ ತೊಟ್ಟಿಲಲ್ಲಿದ್ದ. ಒಂದು ಕಾಲಲ್ಲಿ ಪೆಡಲ್ ತುಳಿಯುತ್ತ, ಇನ್ನೊಂದು ಕಾಲಲ್ಲಿ ತೊಟ್ಟಿಲಿನ ಹಗ್ಗ ಎಳೆಯುತ್ತ ಹುಡುಗಿಯರಿಗೆ ಕಾಜಾ ಹಾಕಲು ಕಲಿಸಿದವಳು ನಾನು. ಇರಲಿ. ಬಳ್ಳಾರಿಯಲ್ಲಿ ಹಳೆ ಮಷೀನು ಕೊಂಡು ಮಾರುವ ಒಬ್ಬನಿಗೆ ಫೋನು ಮಾಡಿ, ಅಮಾವಾಸ್ಯೆ ಕಳೆದ ಮೇಲೆ ಟೆಂಪೊ ತಗೊಂಡು ಬಾ ಅಂದುಬಿಟ್ಟೆ.

ಬಳ್ಳಾರಿ ನನ್ನ ತವರು. ಅಪ್ಪ ಅಲ್ಲಿ ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದ. ಹೊಲಿದ ಪ್ಯಾಂಟಿನ ಕಟ್ಟುಗಳು ಮನೆಗೂ ಬರುತ್ತಿದ್ದವು. ಶಾಲೆಯಿಂದ ಬಂದ ನಾವು ಕಟ್ಟೆಯ ಮೇಲೆ ಕೂತು ಅವುಗಳ ಹೆಚ್ಚಿನ ದಾರ ಕತ್ತರಿಸುತ್ತಿದ್ದೆವು. ನನಗೆ ಯಾರೂ ಕೂರಿಸಿಕೊಂಡು ಹೊಲಿಗೆ ಕಲಿಸಲಿಲ್ಲ, ಅಪ್ಪನ ಬೈಗುಳದಲ್ಲೇ ಕಲಿತೆ. ಮದುವೆಯಾಗಿ ಸಿರುಗುಪ್ಪಕ್ಕೆ ಬಂದು ಸೀರೆಯ ಜಂಪರು, ಅಂದರೆ ರವಿಕೆ, ಹೊಲಿಯಲು ಹಿಡಿದೆ, ಆಮೇಲೆ ಕಲಿಸಲು ಹಿಡಿದೆ. ಕಲಿಸುವ ರೀತಿಯೂ ಅಪ್ಪನದೇ. ನನ್ನ ಕ್ಲಾಸಿಗೆ ಬಂದ ಹುಡುಗಿ ಮೊದಲ ವಾರ ಕತ್ತರಿ ಮುಟ್ಟುವಂತಿಲ್ಲ, ಪೆಡಲ್ ತುಳಿಯುವಂತಿಲ್ಲ. ಮನೆಯಿಂದ ಹಳೆ ಜಂಪರೊಂದನ್ನು ತಂದು, ಬಟ್ಟೆ ಹರಿಯದ ಹಾಗೆ ಅದರ ಹೊಲಿಗೆಯನ್ನೆಲ್ಲ ಬಿಚ್ಚಬೇಕು. ತೋಳು ಬೇರೆ, ಬೆನ್ನು ಬೇರೆ, ಪಟ್ಟಿ ಬೇರೆ ಮಾಡಿ ನೆಲದ ಮೇಲೆ ಹರವಿದರೆ, ಜಂಪರು ಅಂದರೆ ಏನು ಅನ್ನುವುದು ಅರ್ಧ ಅಲ್ಲೇ ತಿಳಿಯುತ್ತದೆ. ಉಳಿದರ್ಧಕ್ಕೆ ನನ್ನ ಬಾಯಿ ಇತ್ತು.

ಜಾಹೀರಾತು ಅಂತ ನಾನು ಮಾಡಿಸಿದ್ದು ಒಂದೇ. ಓಣಿಯ ತಿರುವಿನ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ "ಹೊಲಿಗೆ ಕಲಿಸಲಾಗುವುದು" ಎಂದು ಬರೆಸಿ, ಕೆಳಗೊಂದು ಬಾಣದ ಗುರುತು ಹಾಕಿಸಿದ್ದೆ. ಬರೆದ ಪುಣ್ಯಾತ್ಮ ಬಾಣವನ್ನು ಎಷ್ಟು ಸೊಟ್ಟಗೆ ಬರೆದಿದ್ದನೆಂದರೆ, ಅದನ್ನು ನೋಡಿ ಬಂದವರೆಲ್ಲ ಎದುರು ಮನೆಯ ಬಾಗಿಲು ಬಡಿಯುತ್ತಿದ್ದರು. ಉಳಿದ ಪ್ರಚಾರವೆಲ್ಲ ತಾಯಂದಿರ ಬಾಯಿಂದ. ನಲ್ಲಿಯ ಹತ್ತಿರ, ಕಿರಾಣಿ ಅಂಗಡಿಯಲ್ಲಿ, ಭತ್ತ ನಾಟಿ ಮಾಡುವ ಗದ್ದೆಯಲ್ಲಿ "ಆಕಿ ಬಾಯಿ ಜೋರೈತಿ, ಆದ್ರ ಕೈಗೆ ವಿದ್ಯೆ ಹತ್ತಸ್ತಾಳ" ಎಂದು ಹೇಳಿಕೊಂಡು ಮಗಳನ್ನು ಕಳಿಸುತ್ತಿದ್ದರು. ಕೆಂಚನಗುಡ್ಡದ ಕಡೆಯಿಂದಲೂ ಹುಡುಗಿಯರು ಬಸ್ಸು ಹತ್ತಿ ಬರುತ್ತಿದ್ದರು. ಒಂದು ಕಾಲದಲ್ಲಿ ಮಷೀನಿಗೆ ಪಾಳಿ ಹಚ್ಚಬೇಕಾಗಿತ್ತು.

ಆಮೇಲೆ ಎಲ್ಲರ ಕೈಗೂ ಈ ಫೋನು ಬಂತು ನೋಡಿ.

"ಟೀಚರ್, ನಾ ಸೋಮವಾರದಿಂದ ಬರಂಗಿಲ್ರಿ" ಎಂದಳು ಒಬ್ಬ ಹುಡುಗಿ. ಕೈ ಚುರುಕಿದ್ದ ಹುಡುಗಿ, ಅವಳ ಮೇಲೆ ನನಗೆ ಆಸೆಯಿತ್ತು.

"ಯಾಕಲೇ, ಲಗ್ನ ಗೊತ್ತಾತೇನು?"

"ಇಲ್ರೀ. ಫೋನಿನಾಗ ಎಲ್ಲಾ ತೋರಸ್ತಾರ್ರಿ. ಹತ್ತು ನಿಮಿಷಕ್ಕ ಜಂಪರ್ ಮುಗೀತೈತಿ. ನೀವು ವಾರಗಟ್ಲೆ ಬರೀ ಬಿಚ್ಚಸ್ತೀರಿ."

ಮೈಯೆಲ್ಲ ಉರಿದುಹೋಯಿತು. "ಹತ್ತು ನಿಮಿಷಕ್ಕ ಅನ್ನ ಸೈತ ಬೇಯಂಗಿಲ್ಲ, ಹೋಗಲೇ!" ಅಂದೆ. ಹೋದಳು. ಅವಳ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಜಾರಿದರು. ಕೊನೆಗೆ ಉಳಿದದ್ದು ಇಬ್ಬರು. ಅವರಲ್ಲಿ ಒಬ್ಬಳಿಗೆ ಮನೆಯಲ್ಲಿ ಕೂತರೆ ಅಣ್ಣನ ಮಕ್ಕಳನ್ನು ನೋಡಿಕೊಳ್ಳುವ ಕಾಟ, ಅದಕ್ಕೆ ನನ್ನ ಹತ್ತಿರ ಬರುತ್ತಿದ್ದಳು. ನಾಲ್ಕು ಮಷೀನಿನ ಮೇಲೆ ಹಳೆ ಸೀರೆ ಹೊದಿಸಿಟ್ಟೆ. ದಿನಾ ಬೆಳಿಗ್ಗೆ ಕೋಣೆ ಕಸ ಹೊಡೆಯುವಾಗ ಅವುಗಳ ಕಡೆ ನೋಡಲು ಸಂಕಟವಾಗುತ್ತಿತ್ತು. ಹಾಳಾಗಿ ಹೋಗಲಿ, ಕಣ್ಣೆದುರಿಗೆ ಇರುವುದೇ ಬೇಡ ಅನ್ನಿಸಿ ಬಳ್ಳಾರಿಗೆ ಫೋನು ಮಾಡಿದ್ದು.

ಇನ್ನು ನನ್ನ ಸೊಸೆ. ಕುರುಗೋಡಿನವಳು, ಬಿ.ಕಾಂ. ಓದಿದವಳು. ಬಂದ ಹೊಸದರಲ್ಲೇ ನಮ್ಮ ಓಣಿಯ ಅಕ್ಕಿ ಅಂಗಡಿಯವನಿಗೆ ಫೋನಿನಲ್ಲಿ ಅದೇನೋ ಪೇಜು ಮಾಡಿಕೊಟ್ಟು, ಸೋನಾ ಮಸೂರಿ ಅಕ್ಕಿಯ ಫೋಟೋ ಹಾಕಿ, ಅವನ ಮೂಟೆಗಳು ನಾವು ಕೇಳಿರದ ಊರುಗಳಿಗೆ ಹೋಗುವ ಹಾಗೆ ಮಾಡಿದ್ದಳು. ಮಷೀನು ಮಾರುವ ಮಾತು ಬಂದಾಗ ಅವಳೂ ಬೇಡ ಅನ್ನಲಿಲ್ಲ. ಎರಡು ದಿನ ಬಿಟ್ಟು ಮಾತ್ರ ಹತ್ತಿರ ಬಂದು ಕೂತಳು.

"ಅತ್ತೀ, ನೀವು ಕಲಸೋದು ಒಂದ್ಸಲ ವಿಡಿಯೋ ತಗೀಲೇನ್ರಿ?"

"ನನ್ನ ಹೆಣದ ವಿಡಿಯೋ ತಗಿ. ಆ ಫೋನಿಂದನ ನನ್ನ ಕ್ಲಾಸು ಹಾಳಾತು, ಅದರ ಮುಂದ ನಾ ಕುಣೀಬೇಕೇನು?"

ಸುಮ್ಮನೆ ಎದ್ದು ಹೋದಳು. ಅವಳ ಸುಮ್ಮನಿರುವಿಕೆಗೆ ಹೆದರಬೇಕಿತ್ತು ಅನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಅದೇ ವಾರ ಉಳಿದ ಇಬ್ಬರಲ್ಲಿ ಒಬ್ಬಳು, ತನ್ನ ಅತ್ತಿಗೆಗೆ ಹೊಲಿದ ಜಂಪರು ಕಂಕುಳಲ್ಲಿ ಹಿಡಿಯುತ್ತದೆ, ತೋಳು ಏರುವುದೇ ಇಲ್ಲ ಎಂದು ಅಳುತ್ತ ಬಂದಳು. ನಮ್ಮ ಕಡೆಯ ಹೆಂಗಸರು ಟೇಪು ಹಿಡಿದು ಮೈ ಅಳತೆ ತೆಗೆಸಿಕೊಳ್ಳಲು ನಾಚುತ್ತಾರೆ. ಅಳತೆಗೆ ಅಂತ ತಮ್ಮದೊಂದು ಜಂಪರು ಕೊಡುತ್ತಾರೆ. ಎಂಥದ್ದನ್ನು ಕೊಡುತ್ತಾರೆ? ಮೈಗೆ ಸರಿಯಾಗಿ ಕೂತು, ದಿನಾ ತೊಟ್ಟು ಬಣ್ಣ ಹೋದದ್ದನ್ನು ದರ್ಜಿಗೆ ತೋರಿಸಲು ಅವಮಾನ. ಅದಕ್ಕೆ ಬೀರುವಿನಿಂದ ಹೊಸದರಂತಿರುವ ಒಂದನ್ನು ತೆಗೆದು, ಮಡಿಕೆ ಮುರಿಯದೆ ತಂದು ಕೊಡುತ್ತಾರೆ. ಅದು ಯಾಕೆ ಹೊಸದರಂತಿದೆ? ಮೈಗೆ ಕೂರುವುದಿಲ್ಲ ಅಂತ ತಾನೇ ತೊಡದೆ ಬಿಟ್ಟದ್ದು! ಆ ಹುಡುಗಿಗೂ ಅದೇ ಗತಿಯಾಗಿತ್ತು.

"ಲೇ, ಅಳತಿ ಜಂಪರ್ ಕೈಗೆ ಬಂದ ಕೂಡ್ಲೆ ಏನ ನೋಡಬೇಕು?" ಅಂದೆ.

"ಎದಿ ಅಳತಿ ಟೀಚರ್."

"ನಿನ್ನ ತಲಿ! ಬಗಲು ನೋಡಬೇಕು, ಬಗಲು! ಬೆವರು ಕುಡದು ಬಣ್ಣ ಹೋಗಿದ್ರ ಅದು ಖರೇ ಅಳತಿ. ಬಗಲು ಹೊಸದರಂಗ ಮಿಂಚತಿತ್ತಂದ್ರ ಆಕಿ ನಿನಗ ಸುಳ್ಳ ಹೇಳ್ಯಾಳ. ವಾಪಸ್ ಕೊಟ್ಟು, 'ಅಕ್ಕಾ, ಮೈಮ್ಯಾಲಿಂದು ಬಿಚ್ಚಿ ಕೊಡು' ಅನ್ನು. ನಾಚಿಕಿ ಬಂದ್ರ ಒಳಗ ಹೋಗಿ ಬಿಚ್ಚಲಿ!"

ಇದನ್ನು ಹೇಳುವಾಗ ನಾನೇನು ಮೆಲ್ಲಗೆ ಹೇಳಿರುತ್ತೇನೆಯೇ? ಅವಳು ತಂದಿದ್ದ ಅಳತೆ ಜಂಪರಿನ ಕಂಕುಳನ್ನು ಹುಡುಗಿಯ ಮೂಗಿಗೆ ಹಿಡಿದು, ಓಣಿಗೆಲ್ಲ ಕೇಳುವ ಹಾಗೆ ಹೇಳಿದ್ದೆ. ಬಾಗಿಲ ಮರೆಯಲ್ಲಿ ಸೊಸೆ ಫೋನು ಹಿಡಿದು ನಿಂತದ್ದು ನನಗೆ ಕಾಣಲಿಲ್ಲ.

ಮರುದಿನ ಹಲಕುಂದಿಯಿಂದ ಅಕ್ಕನ ಫೋನು. ಎತ್ತಿದ ಕೂಡಲೇ "ಏನವಾ, ಮೈಮ್ಯಾಲೆ ಎಚ್ಚರ ಐತಿಲ್ಲೋ?" ಅಂದಳು. "ಮಠಕ್ಕ ಹೋದ್ರ ಹೆಣ್ಮಕ್ಳೆಲ್ಲ ನಿನ್ನ ವಿಡಿಯೋ ನೋಡ್ಕಂತ ಬಿದ್ದು ಬಿದ್ದು ನಗ್ತಾರ. ಬಗಲಂತ, ಬೆವರಂತ! ಈ ವಯಸ್ಸಿನಾಗ ಇದೊಂದು ಬಾಕಿ ಇತ್ತೇನು?"

ನನಗೆ ತಲೆಬುಡ ತಿಳಿಯಲಿಲ್ಲ. ತಿಳಿದ ಮೇಲೆ ಅಡುಗೆಮನೆಗೆ ಹೋಗಿ ಸೊಸೆಯ ಮೇಲೆ ಬಾಯಿ ತೆಗೆದೆ. ಏನೇನು ಅಂದೆನೋ ಈಗ ನೆನಪಿಲ್ಲ, ಅವಳ ತವರಿನವರಿಗೂ ಸೇರಿಸಿಯೇ ಅಂದೆ. ಕೇಳದೆ ನನ್ನ ಮುಖ ಊರ ಮಂದಿಗೆ ತೋರಿಸಿದ್ದು ತಪ್ಪೇ. ಅದನ್ನು ಅವಳೂ ಒಪ್ಪಿದಳು. ಮಗ ನಡುವೆ ನಿಂತು, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವಂತೆ ಇಬ್ಬರಿಗೂ ತಲೆಯಾಡಿಸಿ ಕೆಲಸಕ್ಕೆ ಹೋದ. ನಾನು ಸೊಸೆಯ ಜೊತೆ ಮಾತು ಬಿಟ್ಟೆ.

ಆದರೆ ಅವಳು ಬಿಡಬೇಕಲ್ಲ! ನಾನು ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಾಗ ಎದುರಿಗೆ ಕೂತು, ವಿಡಿಯೋದ ಕೆಳಗೆ ಜನ ಬರೆದದ್ದನ್ನು ಗೋಡೆಗೆ ಹೇಳುವ ಹಾಗೆ ಓದತೊಡಗಿದಳು. "ಟೀಚರ್, ನಮ್ಮ ಬೀರುವಿನಾಗ ಕ್ಯಾಮೆರಾ ಇಟ್ಟೀರೇನ್ರಿ?" ಎಂದು ಒಬ್ಬಳು. "ನಾನೂ ಹೊಸದನ್ನ ಕೊಟ್ಟು ಮೂರು ಜಂಪರ್ ಹಾಳ ಮಾಡಿಸಿದೆ" ಎಂದು ಇನ್ನೊಬ್ಬಳು. ಗಡಿಯಾಚೆಯ ಒಬ್ಬಳು ತೆಲುಗಿನಲ್ಲಿ ಬರೆದಿದ್ದಳು, ತನ್ನ ಅತ್ತೆಯೂ ಹೀಗೇ ಬೈಯುತ್ತಾಳಂತೆ, ಆದರೆ ಅದರಲ್ಲಿ ಕಲಿಯುವುದು ಏನೂ ಇರುವುದಿಲ್ಲವಂತೆ. ನನಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಮಾತು ಬಿಟ್ಟವಳು ಅಂತ ಹೇಳಿಕೊಳ್ಳಲು ಬರುತ್ತದೆಯೇ?

ಆಗ ಅವಳು ಒಂದು ಧ್ವನಿ ಸಂದೇಶ ಕೇಳಿಸಿದಳು. ಸಣ್ಣ ದನಿಯ ಹೆಂಗಸು, ಪಕ್ಕದಲ್ಲಿ ಯಾರಿಗೋ ಎಚ್ಚರವಾಗಬಾರದು ಅನ್ನುವ ಹಾಗೆ ಮಾತಾಡುತ್ತಿದ್ದಳು.

"ನಮಸ್ಕಾರ್ರೀ ಟೀಚರ್. ನಮ್ಮದು ಕುರುಗೋಡು ಹತ್ರ ಹಳ್ಳಿರಿ. ನಮ್ಮನಿಯವ್ರು ಕುಡತಿನಿ ಫ್ಯಾಕ್ಟರಿಗೆ ಡೂಟಿಗೆ ಹೋಗ್ತಾರ. ಅತ್ತಿ ಹಾಸಿಗಿ ಹಿಡದಾರ್ರಿ, ನಾ ಬಾಗಿಲ ದಾಟಾಕ ಬರಂಗಿಲ್ಲ. ಹೊಲಿಗಿ ಕಲೀಬೇಕಂತ ಭಾಳ ಆಸೆ ಐತ್ರಿ. ಫೋನಿನಾಗ ಕಲಸೋರು ರಗಡ ಮಂದಿ ಅದಾರ, ಎಲ್ಲಾರೂ ಚಲೋ ಮಾತಾಡ್ತಾರ. ಆದ್ರ ನಂದು ತಪ್ಪು ಎಲ್ಲಿ ಆಗೈತಿ ಅಂತ ಹೇಳೋರು ಯಾರೂ ಇಲ್ರಿ. ನೀವು ನನ್ನ ಬೈರಿ ಟೀಚರ್. ನಾ ಕಲೀತೀನಿ."

ಬೆಳ್ಳುಳ್ಳಿ ಕೈಯಲ್ಲೇ ಉಳಿಯಿತು. ಆ ಸಂದೇಶವನ್ನು ಇನ್ನೊಮ್ಮೆ ಹಾಕು ಅಂದೆ. ಇಷ್ಟು ವರ್ಷ ನನ್ನ ಬಾಯಿಗೆ ಹೆದರಿ ಓಡಿಹೋದವರನ್ನು ಕಂಡಿದ್ದೆ. ಬೈಯಿರಿ ಎಂದು ಕೇಳಿಕೊಂಡು ಬಂದವಳು ಇವಳೊಬ್ಬಳೇ.

ಹಾಗೆ ಒಂದು ಗುಂಪು ಮಾಡಿ ಫೋನಿನಲ್ಲಿ ಕ್ಲಾಸು ಅಂತ ಶುರು ಮಾಡಿದೆವು. ಮೊದಲ ದಿನ ಪೂರ್ತಿ ಎಡವಟ್ಟು. ಗುಂಡಿ ಡಬ್ಬಿಗೆ ಫೋನು ಆನಿಸಿಟ್ಟು "ಹೇಳ್ರಿ ಅತ್ತೀ" ಅಂದಳು ಸೊಸೆ. ಏನು ಹೇಳುವುದು? ಗಾಜಿನಲ್ಲಿ ನನ್ನ ಮುಖವೇ ನನಗೆ ಕಾಣುತ್ತಿದೆ. ಎದುರಿಗೆ ಹುಡುಗಿಯರ ಕೈ ಇಲ್ಲ, ಮುಖ ಇಲ್ಲ. ಯಾರು ಎಲ್ಲಿ ತಪ್ಪು ಮಾಡುತ್ತಿದ್ದಾರೆ ಗೊತ್ತಿಲ್ಲದೆ ಯಾರನ್ನು ಬೈಯಲಿ? ಓಟು ಕೇಳಲು ಬಂದವರ ಹಾಗೆ "ಎಲ್ಲಾರಿಗೂ ನಮಸ್ಕಾರ" ಎಂದು ಏನೇನೋ ತೊದಲಿ ಎದ್ದುಬಿಟ್ಟೆ. ಇದು ನನ್ನಿಂದ ಆಗದ ಕೆಲಸ ಅಂದೆ. ಸೊಸೆ ಯೋಚಿಸಿ, ಎಲ್ಲರಿಗೂ ಒಂದು ಮಾತು ಹೇಳಿ ಕಳಿಸಿದಳು: ಹಳೆ ಜಂಪರು ಬಿಚ್ಚಿ, ಮತ್ತೆ ಜೋಡಿಸಿ ಹೊಲಿದು, ಒಳಮಗ್ಗುಲಿನ ಫೋಟೋ ಹಾಕಬೇಕು. ಚೆನ್ನಾಗಿ ಕಾಣುವ ಹೊರಮಗ್ಗುಲು ಬೇಡ.

ಫೋಟೋಗಳು ಬಂದವು. ಅಯ್ಯ ಶಿವನೇ, ಏನು ಹೊಲಿಗೆಗಳವು! ನನ್ನ ಬಾಯಿ ತಾನಾಗಿ ಬಿಚ್ಚಿಕೊಂಡಿತು. ಸೊಸೆ ಫೋನು ಮುಂದೆ ಹಿಡಿದಳು, ಕೆಂಪು ಬಟ್ಟೆಯವಳಿಂದ ಹಿಡಿದು ಒಬ್ಬೊಬ್ಬಳಿಗೂ ನಾನು ಧ್ವನಿಯಲ್ಲೇ ಬೈದು ಕಳಿಸಿದೆ. "ಕೆಂಪು ಅರಿವಿಯಾಕಿ, ಇದು ಹೊಲಿಗ್ಯೋ ಇರುವಿ ಸಾಲೋ? ದಾರ ಎಷ್ಟ ಬಿಗಿದೀ, ಅರಿವಿ ಉಸಿರ ಬಿಡಬೇಕೋ ಬ್ಯಾಡೋ? ಬಿಚ್ಚು, ಮತ್ತ ಹೊಲಿ!" ಬಿಚ್ಚಿದರು, ಹೊಲಿದರು, ಮತ್ತೆ ಕಳಿಸಿದರು. ಕುರುಗೋಡು ಕಡೆಯ ಆ ಹೆಂಗಸು ಕಳಿಸಿದ ಫೋಟೋವನ್ನು ಮಾತ್ರ ದೊಡ್ಡದು ಮಾಡಿಸಿ ನೋಡಿದೆ. ಅವಳ ಹತ್ತಿರ ಮಷೀನು ಇರಲಿಲ್ಲ. ಇಡೀ ಜಂಪರನ್ನು ಕೈಸೂಜಿಯಲ್ಲಿ ಹೊಲಿದಿದ್ದಳು, ಅತ್ತೆ ಕರೆದಾಗ ಮಧ್ಯೆ ಮಧ್ಯೆ ಎದ್ದುಹೋದಲ್ಲೆಲ್ಲ ಹೊಲಿಗೆ ಸೊಟ್ಟಗಾಗಿತ್ತು. ಅವಳಿಗೂ ಬೈದೆ. ಬೈಯದಿದ್ದರೆ ಅವಳಿಗೆ ಮೋಸ ಮಾಡಿದ ಹಾಗಲ್ಲವೇ?

ಅಷ್ಟರಲ್ಲಿ ಅಮಾವಾಸ್ಯೆ ಕಳೆಯಿತು. ಗುಂಪಿನಲ್ಲಿ ಇನ್ನೂ ಕೈಬೆರಳಲ್ಲಿ ಎಣಿಸುವಷ್ಟು ಜನ, ಇದು ಎಷ್ಟು ದಿನದ ಆಟವೋ ಎಂದು ನಾನು ಬಳ್ಳಾರಿಯವನಿಗೆ ಬೇಡ ಅಂತ ಹೇಳಿರಲಿಲ್ಲ. ಹೇಳಿದ ದಿನಕ್ಕೆ ಸರಿಯಾಗಿ ಟೆಂಪೊ ಬಂದು ಮನೆ ಮುಂದೆ ನಿಂತಿತು. ಅವನು ಮಷೀನುಗಳ ಮೇಲಿನ ಸೀರೆ ಸರಿಸಿ, ಚಕ್ರ ತಿರುಗಿಸಿ ನೋಡಿದ. ಎರಡನ್ನು ಹೊತ್ತು ಟೆಂಪೊಗೆ ಏರಿಸಿದ. ಮೂರನೆಯದಕ್ಕೆ ಕೈ ಹಾಕಿದಾಗ ನಾನು ಅದರ ಹಲಗೆ ಹಿಡಿದುಕೊಂಡೆ. ಹಿಡಿಯಬೇಕು ಅಂತ ಹಿಡಿದದ್ದಲ್ಲ.

"ಏನಕ್ಕಾ, ಟೆಂಪೊ ಬಾಡಿಗಿ ಹಿಡಕೊಂಡು ಇಷ್ಟ ದೂರ ಬಂದೀನಿ. ಈಗ ಹಿಂಗ ಮಾಡಿದ್ರ ಹೆಂಗ?" ಅಂದ ಅವನು. ಅವನ ಮಾತು ನ್ಯಾಯವಾಗಿಯೇ ಇತ್ತು. ಕೊಟ್ಟ ಮಾತು ನನ್ನದು.

"ಎರಡು ಏರಸೀಯಲ್ಲಪಾ, ಅವನ್ನ ತಗೊಂಡ ಹೋಗು. ಉಳದದ್ದು ಬ್ಯಾಡ. ನನ್ನ ತಪ್ಪು, ಬೈಯ್ಯಂಗಿದ್ರ ಬೈದು ಹೋಗು" ಅಂದೆ. ಅನ್ನುತ್ತಲೇ ಅಳು ಬಂತು. ಪರರ ಮುಂದೆ ಅಳುವವಳಲ್ಲ ನಾನು, ಅದಕ್ಕೆ ಇನ್ನಷ್ಟು ಸಿಟ್ಟೂ ಬಂತು.

ಅವನು ತಲೆ ಕೆರೆದುಕೊಂಡು ನಿಂತ. ಸೊಸೆ ಚಹಾ ತಂದು ಕೊಟ್ಟು, ಅವನು ಕುಡಿಯುತ್ತಿರುವಾಗಲೇ ಕೇಳಿದಳು, "ಅಣ್ಣಾರ, ಹೋಗೂ ದಾರ್ಯಾಗ ಸ್ವಲ್ಪ ಸುತ್ತಾದ್ರ ಕುರುಗೋಡು ಕಡೆ ಹೋಗಾಕ ಆಗ್ತೈತೇನ್ರಿ? ಒಂದು ಮಷೀನ್ ಅಲ್ಲಿ ಇಳಸಬೇಕಿತ್ತು. ನಮ್ಮ ತವರು ಕಡೆನ ಅದು, ನಾನೂ ಬರ್ತೀನಿ, ಮನಿ ತೋರಸ್ತೀನಿ."

ನಾನು ಅವಳ ಮುಖ ನೋಡಿದೆ. ಮಷೀನು ಕಳಿಸುವ ಮಾತು ನಮ್ಮಿಬ್ಬರ ನಡುವೆ ಬಂದೇ ಇರಲಿಲ್ಲ. ಆದರೂ ಹಲಗೆ ಹಿಡಿದಿದ್ದ ಕೈ ತೆಗೆದೆ.

"ಕೊಡ್ತೀನಂದ ಮಷೀನ್ ಕೊಡಲಿಲ್ಲ, ಮ್ಯಾಲೆ ಪಾರ್ಸಲ್ ಬ್ಯಾರೆ ಹೇಳ್ತೀರಿ. ಭಲೇ ಮಂದಿ ಅದೀರಿ!" ಎಂದು ಗೊಣಗಿಕೊಂಡೇ ಅವನು ಮೂರನೆಯದನ್ನು ಎತ್ತಿದ. ಎರಡು ಬಳ್ಳಾರಿಗೆ, ಒಂದು ಕುರುಗೋಡಿಗೆ. ಹೋಗುವಾಗ ಸೊಸೆಯ ಕೈಗೆ ಬಾಬಿನ್ನು, ಸೂಜಿಯ ಪಾಕೀಟು, ಎಣ್ಣೆಯ ಬಾಟಲಿ ಕೊಟ್ಟೆ. "ಕಲಿಯೂ ತನಕ ಇಟ್ಟುಕೋ ಅನ್ನು. ಕಲಿಯದ ವಾಪಸ್ ಕೊಟ್ಟಿ ಅಂದ್ರ ನಾನ ಬರ್ತೀನಿ ಅನ್ನು" ಎಂದು ಹೇಳಿ ಕಳಿಸಿದೆ.

ಇವತ್ತು ಎಲ್ಲ ಸಕ್ಕರೆ ತುಪ್ಪ ಅಂತ ನಾನು ಹೇಳುವುದಿಲ್ಲ. ನನ್ನ ವಿಡಿಯೋ ಕದ್ದು ತಮ್ಮದೆಂದು ಹಾಕಿಕೊಂಡವರಿದ್ದಾರೆ. ಕೆಲಸವಿಲ್ಲದ ಗಂಡಸರು ಬಂದು ಹೊಲಸು ಮಾತು ಬರೆದು ಹೋಗುತ್ತಾರೆ. ಅವರನ್ನು ಓಡಿಸುವ ಕೆಲಸ ಸೊಸೆಯದು, ನನಗೆ ಬಿಟ್ಟರೆ ಒಬ್ಬೊಬ್ಬನ ವಂಶವನ್ನೂ ಎತ್ತಿ ಬೈದು ಕಳಿಸುತ್ತಿದ್ದೆ. ಹತ್ತು ನಿಮಿಷದ ಜಂಪರಿಗೆ ಮರುಳಾಗಿ ಹೋದ ಆ ಹುಡುಗಿ ವಾಪಸು ಬರಲಿಲ್ಲ. ಫೋನು ನೋಡಿಯೇ ಕಲಿತು ಚೆನ್ನಾಗಿ ಹೊಲಿಯುತ್ತಾಳಂತೆ. ಸುಳ್ಳು ಯಾಕೆ ಹೇಳಲಿ, ಕೇಳಿ ಹೊಟ್ಟೆ ಉರಿಯಿತು. ಆಮೇಲೆ, ಹೋಗಲಿ, ಎಲ್ಲೋ ಒಂದು ಕಡೆ ಕಲಿತಳಲ್ಲ ಅಂದುಕೊಂಡೆ.

ಆದರೆ ಗುಂಪು ಬೆಳೆಯಿತು. ಅಕ್ಕಿ ಅಂಗಡಿಯ ಹಾಗೆ ನನಗೂ ಸೊಸೆ ಒಂದು ಪೇಜು ಮಾಡಿದ್ದಾಳೆ, ಗೋಡೆಯ ಸೊಟ್ಟ ಬಾಣದ ಕಾಲ ಮುಗಿಯಿತು. ಕಲಿತವರು ಹೊಲಿದ ಜಂಪರುಗಳ ಫೋಟೋ ಅಲ್ಲಿ ಹಾಕುತ್ತಾಳೆ, ನೋಡಿದವರು ಆಯಾ ಊರಿನ ಹೆಂಗಸಿಗೇ ಬಟ್ಟೆ ಕೊಡುತ್ತಾರೆ. ಬಗಲು ಬಗಲು ಎಂದು ನನ್ನನ್ನು ಹಂಗಿಸಿದ ಹಲಕುಂದಿಯ ಅಕ್ಕ ತನ್ನ ಇಬ್ಬರು ಮೊಮ್ಮಕ್ಕಳನ್ನು ಗುಂಪಿಗೆ ಸೇರಿಸಿದ್ದಾಳೆ, ನಾಚಿಕೆಯಿಲ್ಲದವಳು. ಮುಂದಿನ ಕೋಣೆಗೆ ಈಗಲೂ ಹುಡುಗಿಯರು ಬರುತ್ತಾರೆ, ಕೆಲವರು ದಿನಾ, ಕೆಲವರು ಫೋನಿನಲ್ಲಿ ತಿಳಿಯದ್ದನ್ನು ಕೇಳಲು ಮಾತ್ರ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡು ಕಾಲವೂ ಒಂದೇ ಫೋನಿನಲ್ಲಿ ಜಗಳಾಡಿಕೊಂಡು ನಡೆಯುತ್ತಿವೆ.

ಮೊನ್ನೆ ಮಧ್ಯಾಹ್ನ ಕುರುಗೋಡು ಕಡೆಯವಳಿಗೆ ವಿಡಿಯೋ ಕಾಲ್ ಮಾಡಿದ್ದೆ. ಅವಳು ಈಗ ಊರಿನವರ ಜಂಪರು ಹೊಲಿಯುತ್ತಾಳೆ. ಒಂದು ಕುತ್ತಿಗೆಯ ತಿರುವು ಹೇಳಿಕೊಡಬೇಕಿತ್ತು. ಮಾತು ಅರ್ಧದಲ್ಲಿರುವಾಗ ಅತ್ತೆ ಕರೆದರು ಅಂತ ಫೋನನ್ನು ಗೋಡೆಗೆ ಒರಗಿಸಿಟ್ಟು ಎದ್ದು ಹೋದಳು. ಪರದೆಯಲ್ಲಿ ನನ್ನ ಮಷೀನು ಕಾಣುತ್ತಿತ್ತು, ಅದರ ಮುಂದೆ ನಾನು ಹಿಂದೆಂದೂ ನೋಡಿರದ ಒಬ್ಬ ಹುಡುಗಿ ಕೂತಿದ್ದಳು. ಪಕ್ಕದ ಮನೆಯವಳಿರಬೇಕು. ಬಟ್ಟೆ ಹಿಡಿದು ಹೆದರಿ ಹೆದರಿ ಹೊಲಿಯುತ್ತಿದ್ದಳು. ಅತ್ತೆಯ ಹತ್ತಿರದಿಂದ ವಾಪಸು ಬಂದವಳು, ಫೋನಿನಲ್ಲಿ ನಾನಿದ್ದೇನೆ ಅನ್ನುವುದನ್ನೇ ಮರೆತು ಹುಡುಗಿಯ ಕೈಯಿಂದ ಬಟ್ಟೆ ಕಸಿದುಕೊಂಡಳು.

"ಕೈ ಯಾಕ ನಡಗ್ತಾವಲೇ? ಅರಿವಿ ಕಚ್ಚತೈತೇನು? ಇಲ್ನೋಡು, ಈ ಕಡೆ ಎಳದು ಆ ಕಡೆ ಬಿಟ್ಟೀದಿ. ಬಿಚ್ಚು. ಅಳಬ್ಯಾಡ, ಅತ್ರ ದಾರ ಕಾಣಂಗಿಲ್ಲ. ಬಿಚ್ಚು, ನಾ ಇಲ್ಲೇ ಕುಂತಿರ್ತೀನಿ."

ಗುಟ್ಟಿನಲ್ಲಿ ಮಾತಾಡುವ ಹಾಗೆ ನನಗೆ ಸಂದೇಶ ಕಳಿಸಿದ್ದ ಆ ಸಣ್ಣ ದನಿ ಇದೇನಾ ಅನ್ನಿಸಿತು. ಒಂದೊಂದು ಮಾತೂ ನನ್ನದು, ನನಗಿಂತ ಮುಂಚೆ ಅಪ್ಪನದು. ಹುಡುಗಿ ಕಣ್ಣೊರೆಸಿಕೊಂಡು ಬಿಚ್ಚತೊಡಗಿದಳು. ನಾನು ನೋಡುತ್ತ ಕೂತೆ.

ಒಳಗಿನಿಂದ ಬಂದ ಸೊಸೆ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ಯಾಕ್ರಿ ಅತ್ತೀ, ಕಾಲ್ ಚಾಲೂ ಐತಿ, ಬಾಯಿ ಬಂದ್ ಆಗೈತಿ?" ಅಂದಳು.

"ಶ್," ಅಂದೆ. "ಕ್ಲಾಸ್ ನಡದೈತಿ. ಮಾತಾಡಬ್ಯಾಡ."